ನಗಬಾರದ ಸಿನಿಮಾ

ಹಾವೇರಿಯಲ್ಲಿ ನನ್ನದೊಂದು ಕಣ್ಣಿನ ದವಾಖಾನೆ ಇದೆ. ವಾರವೆಲ್ಲ ಮಂದಿಯ ಕಣ್ಣು ನೋಡಿ ಸಾಕಾಗಿ, ಭಾನುವಾರ ನನ್ನ ಕಣ್ಣು ಕೆಡಿಸಿಕೊಳ್ಳಲು ಒಂದು ಸಿನಿಮಾ ಬಳಗ ಸೇರಿಕೊಂಡೆ. ಬಳಗವೆಂದರೆ ಜಾತ್ರೆಯೇನಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಪ್ರಾಧ್ಯಾಪಕರು, ಕೋರ್ಟಿಗಿಂತ ನಮ್ಮಲ್ಲೇ ಹೆಚ್ಚು ವಾದಿಸುವ ವಕೀಲರು, ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ, ನಾನು, ಮತ್ತೆ ಬಂದು ಹೋಗುವ ಕೆಲವರು. ಹಾಡು, ಕುಣಿತ ಇದ್ದ ಸಿನಿಮಾ ನಮಗೆ ಮೈಲಿಗೆ. ಕಥೆ ಇದ್ದರಂತೂ ಪ್ರಾಧ್ಯಾಪಕರು ಮೂಗು ಮುರಿಯುತ್ತಿದ್ದರು. ನಮಗೆ ಬೇಕಾದದ್ದು ‘ಕಲ್ಟ್’ ಸಿನಿಮಾ. ಅಂದರೆ, ಬಿಡುಗಡೆಯಾದಾಗ ಯಾರೂ ನೋಡದೆ, ಆಮೇಲೆ ಕೆಲವರು ಹಟ ಹಿಡಿದು ನೋಡಿ, ನೋಡದವರನ್ನೆಲ್ಲ ದಡ್ಡರೆನ್ನಲು ಬಳಸುವ ಸಿನಿಮಾ.

ನನ್ನ ಗಂಡ ಒಂದೇ ಒಂದು ಭಾನುವಾರ ಬಂದು ಅರ್ಧಕ್ಕೆ ಎದ್ದು ಹೋದ. ಮನೆಗೆ ಬಂದು ಕೇಳಿದರೆ, ‘ಕಲ್ಟ್ ಸಿನಿಮಾ ಅಂದ್ರ ನೋಡಾಕ ಬಂದವರು ಕಲ್ಟಿ ಹೊಡಿಯೋ ಸಿನಿಮಾ ಅಂತ ತಿಳಕೊಂಡೇನಿ’ ಎಂದ. ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದಕ್ಕೆ ನಮ್ಮ ಕಡೆಯ ಹುಡುಗರು ಕಲ್ಟಿ ಹೊಡೆಯುವುದು ಎನ್ನುತ್ತಾರೆ. ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಮ್ಮ ಪ್ರಾಧ್ಯಾಪಕರೂ ಕೊಟ್ಟಿರಲಿಲ್ಲ.

ಹಾಗೆಂದು ನಾವು ನೋಡಿದ್ದು ಸಾಮಾನ್ಯ ಸರಕಲ್ಲ. ಒಂದರಲ್ಲಿ ಮನುಷ್ಯನೊಬ್ಬ ತನ್ನ ಕಪಾಟನ್ನು ಮದುವೆಯಾಗುತ್ತಾನೆ, ಕಪಾಟಿಗೆ ಮನಸ್ಸಿರುವುದು ಪಕ್ಕದ ಮನೆಯವನ ಮೇಲೆ. ಇನ್ನೊಂದರಲ್ಲಿ ಊಟಕ್ಕೆ ಕೂತವರು ಒಬ್ಬೊಬ್ಬರಾಗಿ ಕೋಳಿಗಳಾಗುತ್ತಾರೆ, ಸಾರು ಯಾತರದ್ದೆಂದು ಮಾತ್ರ ಯಾರೂ ಕೇಳುವುದಿಲ್ಲ. ಮತ್ತೊಂದರಲ್ಲಿ ಒಂದು ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ, ಸಿನಿಮಾ ಮುಗಿಯುವವರೆಗೆ ಅದೇ. ವಕೀಲರು ಆ ಬಾಗಿಲಿನಲ್ಲಿ ಇಡೀ ಶತಮಾನವನ್ನೇ ಕಂಡರು. ‘ಇದರ ಅರ್ಥ ಏನು’ ಎಂದು ಕೇಳುವುದು ನಮ್ಮಲ್ಲಿ ಪಂಕ್ತಿಯಲ್ಲಿ ಕೂತು ಸಿಂಬಳ ತೆಗೆದಷ್ಟೇ ಅಸಹ್ಯವಾಗಿತ್ತು. ಗೊತ್ತಾಗದಿದ್ದರೆ ‘ಹ್ಮ್’ ಅನ್ನಬೇಕು. ಏನೇನೂ ಗೊತ್ತಾಗದಿದ್ದರೆ ‘ಅದ್ಭುತ’ ಅನ್ನಬೇಕು. ನನಗೆ ಕಪಾಟಿನ ಸಿನಿಮಾ ನಿಜಕ್ಕೂ ಹಿಡಿಸಿತ್ತು, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ಉಳಿದವಕ್ಕೆ ನಾನೂ ‘ಹ್ಮ್’ ಅಂದವಳೇ.

ಹೀಗಿರುವಾಗ ರಾಣೇಬೆನ್ನೂರಿನ ಒಬ್ಬ ವಿಡಿಯೋದವನು ಕಣ್ಣು ತೋರಿಸಲು ಬಂದ. ಮದುವೆಗಳ ವಿಡಿಯೋ ಮಾಡುವುದು ಅವನ ಕಸುಬು. ಕಂಪ್ಯೂಟರಿನ ಮುಂದೆ ಕೂತು ಕೂತು ಕಣ್ಣು ಕೆಂಡವಾಗಿದ್ದವು. ಆದರೆ ಆಸಾಮಿಗೆ ಕಣ್ಣಿನ ಚಿಂತೆಯೇ ಇಲ್ಲ. ತನ್ನಂಥ ವಿಡಿಯೋದವನು ಹುಬ್ಬಳ್ಳಿಯಿಂದ ದಾವಣಗೆರೆವರೆಗೆ ಇಲ್ಲ ಎಂದು ಕೊಚ್ಚಿಕೊಂಡ, ಕ್ಲಿನಿಕ್ಕಿನ ಗೋಡೆಯ ಬಣ್ಣ ಸರಿಯಿಲ್ಲ ಎಂದ, ನಾನು ಟಾರ್ಚು ಹಿಡಿದ ರೀತಿಯನ್ನೂ ತಿದ್ದಿದ. ಕೊನೆಗೆ ಜೇಬಿನಿಂದ ಪೆನ್‌ಡ್ರೈವ್ ತೆಗೆದ.

‘ಡಾಕ್ಟರ್ರ, ನೀವು ಸಿನಿಮಾ ಮಂದಿ ಅಂತ ಕೇಳೇನಿ. ನಾನೂ ಒಂದು ತಗದೇನ್ರಿ. ಅಳೂ ಸಿನಿಮಾ. ನೋಡಿ ಕಣ್ಣಾಗ ನೀರು ಬರಲಿಲ್ಲಂದ್ರ ನನ್ನ ಹೆಸರು ಬದಲ್ ಮಾಡ್ರಿ.’

ಭಾನುವಾರ ಅದನ್ನು ಬಳಗದಲ್ಲಿ ಹಾಕಿದೆವು. ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಬಾರದು. ನಕ್ಕು ನಕ್ಕು ಬಂತು.

ಕಥೆ ಇಷ್ಟೇ. ಒಬ್ಬ ಬಡ ಹೆಂಗಸು, ಅವಳಿಗೆ ರೋಗ, ಗಂಡನ ಗೋಳು, ಕೊನೆಗೆ ಸಾವು. ಆದರೆ ತೆಗೆದವನು ಮದುವೆ ವಿಡಿಯೋದವನು. ನಾಯಕಿ ಕೆಮ್ಮಿದರೆ ಪರದೆಯ ನಾಲ್ಕೂ ಮೂಲೆಯಿಂದ ಗುಲಾಬಿ ಎಸಳು ಉದುರುತ್ತವೆ. ಮೇಡ್ಲೇರಿಯ ಹೊಳೆದಂಡೆಯಲ್ಲಿ ಗಂಡ ಹೆಂಡತಿ ನಡೆಯುತ್ತಿದ್ದರೆ ಹಿಂದೆ ಹಿಮದ ಬೆಟ್ಟಗಳು ಬಂದು ನಿಲ್ಲುತ್ತವೆ. ವೈದ್ಯರು ‘ಇನ್ನು ಉಳಿಯುವುದಿಲ್ಲ’ ಎಂದ ಕೂಡಲೆ ಅವಳ ಮುಖ ಒಂದು ಸೇಬಿನ ಹಣ್ಣಿನೊಳಗೆ ಮೂಡಿ ಗರಗರ ತಿರುಗುತ್ತದೆ. ಮದುವೆ ವಿಡಿಯೋದಲ್ಲಿ ಬಂದ ನೆಂಟರ ಒಂದು ಮುಖವನ್ನೂ ಬಿಡುವಂತಿಲ್ಲ. ಬಿಟ್ಟರೆ ಬೀಗರಲ್ಲಿ ಜಗಳ ಹತ್ತುತ್ತದೆ. ಆ ಅಭ್ಯಾಸ ಇಲ್ಲಿಯೂ ಕೈ ಬಿಟ್ಟಿರಲಿಲ್ಲ. ಗಂಡ ಎದೆ ಬಡಿದುಕೊಂಡು ಅಳುವಾಗ ಕ್ಯಾಮೆರಾ ಅವನನ್ನು ಬಿಟ್ಟು, ನೋಡಲು ನಿಂತ ಊರವರ ಒಂದೊಂದೇ ಮುಖವನ್ನು ತೋರಿಸುತ್ತ ಸಾಗುತ್ತದೆ. ಹೆಂಗಸರು ಸೆರಗು ಸರಿ ಮಾಡಿಕೊಳ್ಳುತ್ತಾರೆ, ಒಬ್ಬ ಅಜ್ಜ ಕೈ ಮುಗಿಯುತ್ತಾನೆ.

ಇವೆಲ್ಲ ಒತ್ತಟ್ಟಿಗಿರಲಿ. ನಾಯಕಿಯ ಮುಖವೇ ದೃಶ್ಯದಿಂದ ದೃಶ್ಯಕ್ಕೆ ಬದಲಾಗುತ್ತಿತ್ತು. ಸೀರೆ ಒಂದೇ, ಹಸಿರು ಇಲಕಲ್ಲು. ಒಳಗಿನ ಹೆಂಗಸು ಮಾತ್ರ ಬೇರೆ. ರೊಟ್ಟಿ ಬಡಿಯುವಾಗ ಒಬ್ಬಳು, ನೀರು ತರುವಾಗ ಇನ್ನೊಬ್ಬಳು. ಗದ್ದೆಯ ದೃಶ್ಯದಲ್ಲಿ ಮೂಗಿನವರೆಗೆ ಸೆರಗು ಹೊದ್ದವಳ ಮುಂಗೈ ತುಂಬ ಗಂಡಸಿನ ಕೂದಲು. ಒಂದು ಕಡೆಯಂತೂ ಸೀರೆ ಅಂಗಡಿಯ ಗೊಂಬೆಯನ್ನೇ ಕಿಟಕಿ ಪಕ್ಕ ನಿಲ್ಲಿಸಿದ್ದ. ಗಂಡನ ಪಾತ್ರದವನು ಅದಕ್ಕೆ ಮಾತ್ರೆ ತಿನ್ನಿಸುತ್ತಾನೆ. ಏನೂ ಆಗಿಲ್ಲವೆಂಬಂತೆ ಸಿನಿಮಾ ಮುಂದೆ ಹೋಗುತ್ತದೆ.

ಎಲ್ಲಕ್ಕೂ ಕಲಶವಿಟ್ಟಂತೆ ಕೊನೆಯ ದೃಶ್ಯ. ದವಾಖಾನೆಯ ಮಂಚದ ಮೇಲೆ ನಾಯಕಿ. ಸಾಯುವ ಮುಂಚಿನ ಮಾತು ಆಡಬೇಕು. ಈ ಸಲದವಳು ದುಂಡು ಮುಖದ ಹೆಂಗಸು. ‘ನಾ ಹೋದ ಮ್ಯಾಲ ನೀವು’ ಎನ್ನುವಷ್ಟರಲ್ಲಿ ಕ್ಯಾಮೆರಾ ಕಡೆ ನೋಡಿ ಕಿಸಕ್ಕೆಂದು ನಗುತ್ತಾಳೆ. ಸೆರಗು ಬಾಯಿಗಿಟ್ಟು ತಡೆಯುತ್ತಾಳೆ, ತಡೆಯಲಾರದೆ ಮಂಚ ಅಲುಗುವಂತೆ ನಗುತ್ತಾಳೆ. ನಗುನಗುತ್ತಲೇ ಕಣ್ಣು ಮುಚ್ಚುತ್ತಾಳೆ. ಮೇಲಿಂದ ಎಸಳು ಉದುರುತ್ತವೆ.

ಪ್ರಾಧ್ಯಾಪಕರು ಎದ್ದು ನಿಂತರು. ‘ಹೊರದೇಶದವರು ಕೋಟಿ ಸುರಿದು ಮಾಡುವುದನ್ನು ಈ ಮನುಷ್ಯ ರಾಣೇಬೆನ್ನೂರಿನಲ್ಲಿ ಕೂತು ಮಾಡಿದ್ದಾನೆ. ಹೆಣ್ಣಿನ ಮುಖವೆಂಬುದೇ ಒಂದು ಭ್ರಮೆ. ಸಾವೆಂಬುದು ಒಂದು ನಗೆ’ ಎಂದರು. ವಕೀಲರು ಇನ್ನೂ ಮುಂದೆ ಹೋಗಿ ಆ ನಗುವಿನ ತುಣುಕನ್ನು ಮೊಬೈಲಿನಲ್ಲಿ ಹರಿಬಿಟ್ಟರು. ವಾರದೊಳಗೆ ಹಾವೇರಿಯ ಹುಡುಗರೆಲ್ಲರ ಫೋನಿನಲ್ಲಿ ಅದು ಓಡಾಡಿತು. ಪರೀಕ್ಷೆಯಲ್ಲಿ ಫೇಲಾದವನಿಗೆ ಕಳಿಸುವುದೂ ಅದು, ಬಸ್ಸು ತಪ್ಪಿದವನಿಗೆ ಕಳಿಸುವುದೂ ಅದು.

ವಿಡಿಯೋದವನ ಫೋನಿಗೂ ಅದು ಹೋಗಿ ಮುಟ್ಟಿತು. ಸರತಿಯಲ್ಲಿ ಕೂತ ರೋಗಿಗಳನ್ನು ದಾಟಿ ಸೀದಾ ನನ್ನ ಕೋಣೆಗೇ ನುಗ್ಗಿದ.

‘ಅಳೂ ಸಿನಿಮಾ ಅಂತ ಹೇಳಿ ಕೊಟ್ಟಿದ್ದೆ. ನೀವು ನಗಿಸಾಕ ಹಚ್ಚೀರಿ. ನನಗ ಹೊಗಳೂದು ಬ್ಯಾಡ, ರೊಕ್ಕಾನೂ ಬ್ಯಾಡ. ನಿಮ್ಮ ಮಂದೀನ್ನ ಕೂಡಿಸಿ ಒಮ್ಮೆರ ನಗದಂಗ ನೋಡ್ರಿ. ಅಷ್ಟ ಕೇಳಾಕತ್ತೇನಿ.’

ಈ ಸಲ ಗೋಡೆಯ ಬಣ್ಣದ ಮಾತನ್ನೂ ಎತ್ತಲಿಲ್ಲ. ನನಗೆ ಅಯ್ಯೋ ಅನ್ನಿಸಿತು. ಹೂಂ ಎಂದೆ. ಎಲ್ಲಿ ಇಡೋಣ ಎಂದು ಕೇಳಿದ್ದಕ್ಕೆ ಅವನು ಯೋಚನೆಯನ್ನೇ ಮಾಡದೆ, ‘ಬ್ಯಾಡಗ್ಯಾಗ ಇಡ್ರಿ, ನಿಮ್ಮ ಮೆಣಸಿನಕಾಯಿ ಸಾವಕಾರ್ರ ಗೋದಾಮಿನ ಮ್ಯಾಲ’ ಎಂದ. ಅದರ ಗುಟ್ಟು ಹೊಳೆದದ್ದು ಅಲ್ಲಿಗೆ ಹೋದ ಮೇಲೆ.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಅಡುಗೆ ಬಲ್ಲವರು ಹೇಳುತ್ತಾರೆ. ಸುಗ್ಗಿಯಲ್ಲಿ ಚೀಲ ಸುರಿಯುವ ಹೊತ್ತಿಗೆ ಗೋದಾಮಿನಲ್ಲಿ ನಿಂತು ಹೇಳಲಿ, ನೋಡೋಣ. ಕೆಳಗೆ ಹೆಂಗಸರು ತೊಟ್ಟು ಬಿಡಿಸುತ್ತಿದ್ದರು. ಮೇಲಿನ ಕೋಣೆಯಲ್ಲಿ ನಾವು. ಫ್ಯಾನು ಹಾಕಿದ್ದೇ ತಡ, ಕಣ್ಣು, ಮೂಗು, ಗಂಟಲು ಒಟ್ಟಿಗೇ ಹತ್ತಿಕೊಂಡವು. ಪ್ರಾಧ್ಯಾಪಕರು ಕರವಸ್ತ್ರದಲ್ಲಿ ಮುಖ ಮುಚ್ಚಿದರು. ಅಳದ ಮಂದಿಯನ್ನು ಹೇಗಾದರೂ ಮಾಡಿ ಅಳಿಸಲು ಭೂಮಿಯ ಮೇಲೆ ಇದಕ್ಕಿಂತ ಪ್ರಶಸ್ತ ಜಾಗವಿಲ್ಲ! ಪರದೆಯ ಪಕ್ಕದಲ್ಲಿ ನಿಂತ ವಿಡಿಯೋದವನು ನಮ್ಮೆಲ್ಲರ ಕೆನ್ನೆಯ ಮೇಲೆ ಇಳಿಯುವ ನೀರನ್ನು ಒಬ್ಬೊಬ್ಬರದಾಗಿ ನೋಡುತ್ತಿದ್ದ. ಎಂಥ ಬೆರಕಿ ಮನುಷ್ಯ ಎಂದುಕೊಂಡೆ.

ಆದರೆ ಅವನ ಲೆಕ್ಕ ತಪ್ಪಿತು. ಗೊಂಬೆಗೆ ಮಾತ್ರೆ ತಿನ್ನಿಸುವಾಗ ವಕೀಲರು ತಡೆಯಲಾರದೆ ಫುಸಕ್ಕೆಂದರು. ಅವರ ಹಿಂದೆ ಇಡೀ ಕೋಣೆ ಹೊರಟಿತು. ಅಳುತ್ತ, ಸೀನುತ್ತ, ಕೆಮ್ಮುತ್ತ ನಕ್ಕೆವು. ಮಂಚದ ದೃಶ್ಯ ಬರುವ ಹೊತ್ತಿಗೆ ವ್ಯಾಪಾರಿ ಹೊಟ್ಟೆ ಹಿಡಿದುಕೊಂಡು ಕುರ್ಚಿಯಿಂದ ಕೆಳಗೆ ಜಾರಿದ್ದರು.

ದೀಪ ಹತ್ತಿತು. ವಿಡಿಯೋದವನು ಗೋಡೆಗೆ ಒರಗಿ ನಿಂತಿದ್ದ, ಮುಖದಲ್ಲಿ ರಕ್ತವಿರಲಿಲ್ಲ. ಪ್ರಾಧ್ಯಾಪಕರಿಗೆ ಅದು ಕಾಣಲಿಲ್ಲ. ಗಂಟಲು ಸರಿ ಮಾಡಿಕೊಂಡು ಕೇಳಿದರು, ‘ನಾಯಕಿಯ ಮುಖ ಹೀಗೆ ಬದಲಾಗುತ್ತ ಹೋಗುವುದರ ಹಿಂದಿನ ಪರಿಕಲ್ಪನೆ ಏನು? ಎಲ್ಲಿಂದ ಹೊಳೆಯಿತು?’

‘ಹೊಳಿಯೂದೇನ ಬಂತ್ರಿ?’ ಎಂದ ಅವನು. ‘ನಾಯಕಿ ನನ್ನ ಹೆಂಡತಿ. ಸಿನಿಮಾ ನಡುವ ಇದ್ದಾಗ ಡೆಂಗಿ ಬಂದು ತೀರಿಕೊಂಡ್ಲು. ಮದುವಿ ಅರ್ಧಾ ತಗದು ಕ್ಯಾಮೆರಾ ಮುಚ್ಚಿದ ವಿಡಿಯೋದವನನ್ನ ಎಲ್ಲೆರ ನೋಡೀರೇನು? ನನಗ ಬಿಡಾಕ ಬರಲಿಲ್ಲ. ಆಕಿ ಸೀರಿ ಇತ್ತು. ನಾದಿನಿ ಉಟ್ಲು, ಬಾಜೂಮನಿ ಅಕ್ಕ ಉಟ್ಲು. ಸತ್ತಾಕಿ ಸೀರಿ ಅಂತ ಆಮ್ಯಾಲ ಯಾರೂ ಉಡಾಕ ಒಪ್ಪಲಿಲ್ಲ. ಲೈಟ್ ಹಿಡಿಯೋ ನನ್ನ ಹುಡುಗಗ ಉಡಿಸಿದ್ನಿ, ಗೊಂಬಿಗೆ ಉಡಿಸಿದ್ನಿ.’

ಕೆಳಗಿನಿಂದ ತೊಟ್ಟು ಬಿಡಿಸುವವರ ಮಾತು ಕೇಳಿಸುತ್ತಿತ್ತು. ಪ್ರಾಧ್ಯಾಪಕರು ಕನ್ನಡಕ ತೆಗೆದರು. ನನಗೆ ಅವರ ಮೇಲೂ ಸಿಟ್ಟು ಬಂತು, ಜಂಭದಲ್ಲಿ ಏನೂ ಮೊದಲೇ ಹೇಳದ ಈ ಮನುಷ್ಯನ ಮೇಲೂ ಬಂತು. ಮೆತ್ತಗೆ ಕೇಳಿದೆ, ‘ಇವರೊಳಗ ನಿಮ್ಮ ಮನಿಯವರು ಯಾರು?’

‘ಯಾಕ್ರಿ, ಗೊತ್ತಾಗಲಿಲ್ಲಾ? ನಕ್ಳಲ್ಲ, ಆಕಿ’ ಎಂದ. ‘ದವಾಖಾನಿ ಮಂಚ ಒಂದ ದಿನದ ಮಟ್ಟಿಗೆ ಸಿಕ್ಕಿತ್ತು, ಅದಕ್ಕ ಸಾಯೂ ಸೀನ್ ಎಲ್ಲಾದಕಿಂತ ಮೊದಲ ತಗದ್ವಿ. ಮಾತು ಹೇಳು ಅಂದ್ರ ಕ್ಯಾಮೆರಾ ಹಿಂದ ನನ್ನ ಮಾರಿ ನೋಡಿ ನಗಾಕಿ. ಬೈದ್ನಿ. ಮತ್ತಿಷ್ಟು ನಕ್ಳು. ಹೋಗ್ಲಿ ಬಿಡು, ಮಂಚ ಮತ್ತ ತರ್ತೇನಿ, ಇನ್ನೊಮ್ಮೆ ತಗಿಯೋಣು ಅಂದ್ನಿ.’

ಇನ್ನೊಮ್ಮೆ ತೆಗೆಯಲು ಆಗಲಿಲ್ಲ ಎಂಬುದನ್ನು ಅವನು ಹೇಳಲಿಲ್ಲ. ‘ಈಗ ಮತ್ತ ಹಾಕ್ತೇನಿ, ಕುಂದ್ರಿ’ ಎಂದು ಗದರಿದ. ನಾವು ಶಾಲೆಯ ಮಕ್ಕಳ ಹಾಗೆ ಕೂತೆವು. ಯಾರೂ ಕಲ್ಟಿ ಹೊಡೆಯಲಿಲ್ಲ.

ಈ ಸಲ ಸಿನಿಮಾ ಅವನು ಬೇಡಿದ ಹಾಗೆಯೇ ನಡೆಯಿತು. ಸೇಬಿನ ಹಣ್ಣು ತಿರುಗಿತು, ಯಾರೂ ನಗಲಿಲ್ಲ. ಹಿಮದ ಬೆಟ್ಟ ಬಂತು, ಯಾರೂ ನಗಲಿಲ್ಲ. ಗೊಂಬೆಯ ಹೆಗಲಿನಿಂದ ಸೀರೆ ಜಾರುವಾಗ ಅದನ್ನು ಸರಿ ಮಾಡುವ ಒಂದು ಕೈ ಪರದೆಯ ಅಂಚಿನಿಂದ ಒಳಬಂದು ಹೋಯಿತು. ಆಗ ತಲೆ ತಗ್ಗಿಸಿದ ವಕೀಲರು ಮತ್ತೆ ಎತ್ತಲಿಲ್ಲ. ವಿಡಿಯೋದವನು ಪ್ರೊಜೆಕ್ಟರಿನ ಹಿಂದೆ ನೆಟ್ಟಗೆ ನಿಂತಿದ್ದ. ಗೆದ್ದವನ ಹಾಗೇ ಕಾಣುತ್ತಿದ್ದ.

ಮಂಚದ ದೃಶ್ಯ ಬಂತು. ‘ನಾ ಹೋದ ಮ್ಯಾಲ ನೀವು’ ಎಂದಳು. ನಮ್ಮ ಕಡೆ ನೋಡಿ ಕಿಸಕ್ಕೆಂದಳು. ಆ ನಗು ಎಷ್ಟು ಉದ್ದವಿದೆಯೆಂದು ನಮಗೆ ಗೊತ್ತೇ ಇರಲಿಲ್ಲ, ಪ್ರತಿ ಸಲವೂ ನಮ್ಮ ನಗುವಿನಲ್ಲಿ ಅದು ಮುಚ್ಚಿ ಹೋಗಿರುತ್ತಿತ್ತು. ಈಗ ಆ ಕೋಣೆಯಲ್ಲಿ ಅದೊಂದೇ ಸದ್ದು. ಅವಳು ನಕ್ಕಳು, ಉಸಿರು ಎಳೆದುಕೊಂಡಳು, ಮತ್ತೆ ನಕ್ಕಳು.

ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ವಿಡಿಯೋದವನು ಕುರ್ಚಿ ಕೆಡವಿಕೊಂಡು ನಮ್ಮತ್ತ ಬರುತ್ತಿದ್ದ.

‘ನಗ್ರೀ’ ಎಂದ. ‘ಯಾಕ ಹಿಂಗ ಕುಂತೀರಿ? ಯಾರರ ನಗ್ರಿ. ಆಕಿ ಒಬ್ಬಾಕಿನ ನಗಾಕತ್ತಾಳ.’

ಪ್ರಾಧ್ಯಾಪಕರು ನಗಲು ನೋಡಿದರು. ಅವರ ಗಂಟಲಿನಿಂದ ಕೆಮ್ಮು ಬಂತು.