ಚಿಯಾಂಗ್ ಮಾಯ್‌ನಲ್ಲಿ ಹೋಲ್ಡಾನ್

ಗುತ್ತಲದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಣ್ಣನಿಗೆ ಬೀಜದ ಕಂಪನಿಯವರು ಥೈಲ್ಯಾಂಡ್ ಪ್ರವಾಸ ಕೊಟ್ಟರು. ಜೊತೆಗೆ ಇನ್ನೊಬ್ಬರು ಬರಬಹುದಿತ್ತು. ಅತ್ತಿಗೆ ವಿಮಾನಕ್ಕೆ ಹೆದರಿದ್ದರಿಂದ ಆ ಸೀಟು ನನಗೆ ಬಂತು. ನಾನು ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ಪುಕ್ಕಟೆ ಸಿಕ್ಕಿದ್ದನ್ನು ಬಿಡಲಿಲ್ಲ. ಅದೇ ಪ್ರವಾಸಕ್ಕೆ ಬಂದಿದ್ದ ಬೇರೆ ಊರುಗಳ ಅಂಗಡಿಯವರನ್ನು ಹಳಿಯುವುದನ್ನೂ ಬಿಡಲಿಲ್ಲ.

ಅಂಥ ಜನ ಅದು. ಎಲ್ಲರ ತಲೆಯ ಮೇಲೂ ಮೆಣಸಿನಕಾಯಿ ಚಿತ್ರದ ಒಂದೇ ಟೋಪಿ. ಬ್ಯಾಡಗಿಯ ಒಬ್ಬ ವ್ಯಾಪಾರಿ ಅಲ್ಲಿನ ಸಂತೆಯಲ್ಲಿ ಒಣಮೆಣಸಿನಕಾಯಿ ಮುರಿದು ಮೂಸಿ, "ಖಾರ ಐತಿ, ಬಣ್ಣ ಇಲ್ಲ" ಎಂದು ಇಡೀ ದೇಶವನ್ನೇ ಫೇಲು ಮಾಡಿದ. ಏಳುನೂರು ವರ್ಷ ಹಳೆಯ ಚಿಯಾಂಗ್ ಮಾಯ್ ಪಟ್ಟಣಕ್ಕೆ ಬಂದು, ಹೋಟೆಲಿನ ಕೋಣೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕುಳಿತವರಿಗೆ ಏನು ಹೇಳುವುದು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ.

ನನಗೆ ಬೇಕಾಗಿದ್ದದ್ದು ಒಂದೇ. ಹಳೆಯ ಕೋಟೆಯೊಳಗೆ, ಭೂಕಂಪದಲ್ಲಿ ತುದಿ ಕಳೆದುಕೊಂಡ ಇಟ್ಟಿಗೆಯ ದೊಡ್ಡ ಸ್ತೂಪವಿದೆ. ಪುಸ್ತಕದಲ್ಲಿ ಅದರ ಚಿತ್ರ ನೋಡಿದಾಗಿನಿಂದ ಅದರ ಮುಂದೆ ನಿಲ್ಲಬೇಕೆಂಬ ಹುಚ್ಚು. ಬಿಡುವಿದ್ದದ್ದು ಕೊನೆಯ ದಿನದ ಮಧ್ಯಾಹ್ನ ಮಾತ್ರ; ಐದಕ್ಕೆ ವಿಮಾನ ನಿಲ್ದಾಣದ ಬಸ್ಸು. "ನಾನೂ ಬರ್ತೇನಿ" ಅಂದ ಅಣ್ಣ. ಬೇಡ ಎನ್ನಲಾಗಲಿಲ್ಲ.

ಫೋನಿನ ನಕ್ಷೆ ಹಿಡಿದು ಅವನನ್ನು ನಡೆಸಿದೆ. ಊರು ಚೌಕಾಕಾರ, ನಾಲ್ಕೂ ಕಡೆ ಕಂದಕ ಒಂದೇ ಥರ. ಒಂದು ತಾಸು ಬಿಸಿಲಲ್ಲಿ ಸುತ್ತಿ, ಹೊರಟ ಸೇತುವೆಗೇ ಬಂದು ನಿಂತೆವು.

"ನಕ್ಷಾ ಬ್ಯಾಡ ತಮ್ಮಾ. ಕೆಂಪು ಟಂಟಂ ಅದಾವಲ್ಲ, ಹತ್ತೋಣು."

ಹಿಂದೆ ಎದುರುಬದುರು ಎರಡು ಬೆಂಚು, ಸಿಕ್ಕವರನ್ನು ತುಂಬಿಕೊಂಡು ಓಡುವ ಗಾಡಿಗಳು ಅವು. "ಇದೇನು ಗುತ್ತಲದ ಬಸ್‌ಸ್ಟ್ಯಾಂಡ್ ಏನು?" ಎಂದು ಸಿಡುಕಿದೆ. ಅವನು ಕೈ ಅಡ್ಡ ಹಿಡಿದು ಒಂದನ್ನು ನಿಲ್ಲಿಸಿಯೇ ಬಿಟ್ಟ. ನಾನು ಡ್ರೈವರನಿಗೆ ಇಂಗ್ಲಿಷಿನಲ್ಲಿ ಸ್ತೂಪದ ಚರಿತ್ರೆ ಶುರು ಮಾಡಿದೆ. ಆತ ಕಣ್ಣು ಪಿಳಿಪಿಳಿ ಬಿಟ್ಟ. ಅಣ್ಣ ಕೈಮುಗಿದ, ಗಾಳಿಯಲ್ಲಿ ಗುಡಿ ಬರೆದ, ಅದರ ತುದಿ ಹಾರಿಹೋದಂತೆ ಅಂಗೈ ಬೀಸಿದ. ಡ್ರೈವರ್ ನಕ್ಕು ತಲೆಯಾಡಿಸಿದ.

ಇಳಿಯುವವರು ಒತ್ತಲೆಂದು ಗಾಡಿಯಲ್ಲಿ ಗುಂಡಿಯಿತ್ತು. ಸ್ತೂಪ ಕಂಡದ್ದೇ ತಡ, ಅಣ್ಣ ತಗಡಿನ ಮೇಲೆ ಬಡಿದು ನಮ್ಮ ಕಂಡಕ್ಟರುಗಳ ಹಾಗೆ "ಹೋಲ್ಡಾನ್!" ಎಂದು ಕೂಗಿದ. ಎದುರು ಕೂತಿದ್ದ ವಿದೇಶಿ ಹೆಂಗಸು ಬೆಚ್ಚಿಬಿದ್ದಳು. ನಾನು ನಾಚಿಕೆಯಿಂದ ಸತ್ತೆ. ಗಾಡಿ ಮಾತ್ರ ನಿಂತಿತು.

ಸ್ತೂಪದ ಮುಂದೆ ನಿಂತು, ಪಾಠ ಹೇಳಲೆಂದು ಗಂಟಲು ಸರಿಮಾಡಿಕೊಂಡೆ. ಅಣ್ಣ ಅಷ್ಟರಲ್ಲೇ ಬಗ್ಗಿ ಅದರ ಬುಡ ನೋಡುತ್ತಿದ್ದ.

"ನಮ್ಮ ಗಳಗನಾಥದ ಗುಡೀನೂ ಬುಡದಾಗ ಹಿಂಗ ಅಗಲ ಇದ್ದು, ಮೆಟ್ಟಲ ಮೆಟ್ಟಲ ಮ್ಯಾಲ ಹೋಗೇತಲ್ಲ? ಎರಡರಾಗ ಯಾವುದು ಚಂದ, ನೀನ ಹೇಳಬೇಕು. ನೋಡೀದಿ ಹೌದಿಲ್ಲೋ?"

ಮೂವತ್ತು ವರ್ಷ ಆ ಗುಡಿಯ ಪಾಠ ಮಾಡಿದ್ದೇನೆ. ಪರೀಕ್ಷೆಗೆ ಪ್ರಶ್ನೆ ಹಾಕಿದ್ದೇನೆ, ತಪ್ಪು ಬರೆದವರ ಕಿವಿ ಹಿಂಡಿದ್ದೇನೆ. ಅಣ್ಣನ ಅಂಗಡಿಯ ಮುಂದಿನಿಂದಲೇ ಅಲ್ಲಿಗೆ ಟಂಟಂ ಹೋಗುತ್ತದೆ. ಒಮ್ಮೆಯೂ ಹತ್ತಿಲ್ಲ.

"ಬಸ್ಸಿಗೆ ಹೊತ್ತಾತು, ನಡಿ" ಎಂದೆ.