ಕ್ವಾರಿ ಸ್ಟಾಪಿನಲ್ಲಿ ನಾನು ಎಳೆದ ಗಂಟೆ

ವಯಸ್ಸಾದ ಹೆಂಗಸೊಬ್ಬರ ಬಾಯಿ ಮುಚ್ಚಿಸಿದವನು ನಾನು. ಗದರಿಸಿ ಅಲ್ಲ — ಟ್ರಾಮಿನ ಗಂಟೆ ಎಳೆದು. ಕೈತಪ್ಪಿ ಎಳೆದದ್ದಲ್ಲ, ಗೊತ್ತಿದ್ದೇ ಎಳೆದೆ.

ಆಗ ನಾನು ತುಮಕೂರಿನಿಂದ ಜರ್ಮನಿಗೆ ಬಂದ ಹೊಸತು. ವಾರವೆಲ್ಲ ಆಫೀಸು, ಭಾನುವಾರ ಬಂದರೆ ಮಾತಾಡಲು ಜನವಿಲ್ಲ. ಊರಿನ ಹಳೆಯ ಟ್ರಾಮ್ ಸಂಘಕ್ಕೆ ಸೇರಿಕೊಂಡೆ. ಹಿಂದೆ ಒಂದು ಖಾಸಗಿ ಕಂಪನಿ ಇಲ್ಲಿಂದ ಸುತ್ತಲ ಹಳ್ಳಿಗಳಿಗೆ ಟ್ರಾಮು ಓಡಿಸುತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಉಳಿದ ಒಂದು ಬಂಡಿಯನ್ನು ಸಂಘದವರು ಭಾನುವಾರ ಓಡಿಸುತ್ತಾರೆ. ನನಗೆ ಕಂಡಕ್ಟರ್ ಟೋಪಿ ಕೊಟ್ಟರು. ಸ್ಟಾಪಿನಲ್ಲಿ ಕಂಪನಿಯ ಚರಿತ್ರೆ ಹೇಳಬೇಕು, ಆಮೇಲೆ ಹಗ್ಗ ಎಳೆದು ಗಂಟೆ ಬಾರಿಸಬೇಕು. ಗಂಟೆಯಾಗದೆ ಚಾಲಕ ಬಂಡಿ ಬಿಡುವಂತಿಲ್ಲ; ಗಂಟೆಯಾದರೆ ಬಿಡದೆ ಇರುವಂತಿಲ್ಲ. ಟೋಪಿ ತಲೆಗೇರಿದ ದಿನವೇ ಈ ಊರಿನವನಾಗಿಬಿಟ್ಟೆ ಅಂದುಕೊಂಡೆ — ಎಷ್ಟು ಸುಲಭಕ್ಕೆ!

ಫ್ರಾವ್ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ನನ್ನ ಪಕ್ಕದ ಮನೆಯವರು. ಸೂಪ್ ತಂದರೆ, “ಇದರಲ್ಲಿ ಹಂದಿ ಇಲ್ಲ” ಎಂದು ಬಾಗಿಲಲ್ಲೇ ಹೇಳಿ ಕೊಡುತ್ತಿದ್ದರು. ಒಂದು ದಿನ ಹಾಗೆ ಬಂದವರು ಕೂತು ಹೇಳಿದರು: ಕ್ವಾರಿ ಸ್ಟಾಪಿನ ಹಳಿಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಕಂಪನಿ ಹಾಕಿಸಿದ್ದು ಪೋಲೆಂಡಿನಿಂದ ಹಿಡಿದು ತಂದವರ ಕೈಯಲ್ಲಿ. ಫ್ರಾವ್ ಕೆಲ್ಲರ್ ಅವರ ತಾಯಿಯೂ ಹಾಗೆ ಬಂದವರಲ್ಲೊಬ್ಬಳು, ಅಲ್ಲಿ ಕಲ್ಲು ಹೊತ್ತವಳು. ಆಕೆಯ ಬೆನ್ನು ಕೊನೆಯವರೆಗೂ ನೆಟ್ಟಗಾಗಲಿಲ್ಲ.

“ಆ ಸ್ಟಾಪಿನಲ್ಲಿ ಇದೊಂದು ಮಾತು ಹೇಳಿ. ನಾನು ಬಂದು ಕೇಳಬೇಕು,” ಎಂದರು. ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಸಂಘದ ಅಧ್ಯಕ್ಷರನ್ನು ಕೇಳಿದರೆ, “ಮಕ್ಕಳುಮರಿ ಕಟ್ಟಿಕೊಂಡು ಜನ ಬರ್ತಾರೆ, ಅವರ ಭಾನುವಾರ ಕೆಡಿಸಬೇಡಿ” ಎಂದರು. ನನ್ನ ಮೈಸೂರಿನ ಗೆಳೆಯ ಸುಧೀರ ಇನ್ನೂ ಸಲೀಸಾಗಿ ಹೇಳಿದ: “ಗುರು, ಇವರ ಹಳೇ ಗಲಾಟೆ ನಮಗ್ಯಾಕೆ? ಮೊದ್ಲು ನಿನ್ನ ಪರ್ಮನೆಂಟ್ ವೀಸಾ ಆಗ್ಲಿ, ಆಮೇಲೆ ಹೀರೋ ಆಗು ಮಗಾ.” ಅವನನ್ನು ದೂರುವುದಿಲ್ಲ. ನನಗೆ ಬೇಕಾಗಿದ್ದ ಮಾತೇ ಅದು.

ಆ ಭಾನುವಾರ ಫ್ರಾವ್ ಕೆಲ್ಲರ್ ಒಳ್ಳೆಯ ಕೋಟು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಕ್ವಾರಿ ಸ್ಟಾಪು ಬಂತು. ಕಲ್ಲಿನ ಬಗ್ಗೆ ಹೇಳಿದೆ, ಮೋಟಾರಿನ ಬಗ್ಗೆ ಹೇಳಿದೆ, ಕಂಪನಿ ಮಾಲೀಕರ ಮೀಸೆಯ ಬಗ್ಗೆಯೂ ಹೇಳಿ ನಗಿಸಿದೆ — ಅದೊಂದನ್ನು ಬಿಟ್ಟು. ಅವರು ಕಾದರು. ಆಮೇಲೆ ಕಂಬಿ ಹಿಡಿದು ನಿಧಾನಕ್ಕೆ ಎದ್ದರು. “ನನ್ನ ತಾಯಿ —”

ನಾನು ಹಗ್ಗ ಎಳೆದೆ. ಬಂಡಿ ಜಗ್ಗಿತು, ಅವರು ಸೀಟಿಗೆ ಕುಸಿದರು. ಗಂಟೆ ಕೇಳಿ ಮಕ್ಕಳು ಚಪ್ಪಾಳೆ ತಟ್ಟಿದರು.

ಇಳಿಯುವಾಗ ನನ್ನ ಮುಖ ನೋಡಿ, “ಗಂಟೆ ಚೆನ್ನಾಗಿ ಎಳೀತೀರಿ” ಎಂದರು. ಆಮೇಲೆ ನನ್ನ ಬಾಗಿಲಿಗೆ ಸೂಪ್ ಬರಲಿಲ್ಲ. ಹೋದ ಚಳಿಗಾಲ ಅವರು ತೀರಿಕೊಂಡರು. ಅಷ್ಟು ವರ್ಷ ಗೋಡೆಯಾಚೆಗೇ ಇದ್ದರು. ಒಂದು ದಿನವೂ ಹೋಗಿ ತಪ್ಪಾಯಿತು ಅನ್ನಲಿಲ್ಲ.

ಹೊರಗಿನವನಾಗಿದ್ದೆ, ಹೆದರಿದ್ದೆ — ಈ ಸಬೂಬು ನನಗೂ ಬರುತ್ತದೆ. ಅವರ ತಾಯಿಯೂ ಹೊರಗಿನವಳೇ ಅಲ್ಲವೇ?

ಈ ಭಾನುವಾರ ಹೇಳುತ್ತೇನೆ. ಅಧ್ಯಕ್ಷರಿಗೆ ಎದುರು ನಿಂತು ತಿಳಿಸಿ ಬಂದಿದ್ದೇನೆ. “ಟೋಪಿ ವಾಪಸ್ ಕೊಡಬೇಕಾಗುತ್ತೆ” ಎಂದರು. ಕೊಡುತ್ತೇನೆ, ಹೇಳಿ ಮುಗಿಸಿದ ಮೇಲೆ. ಅಲ್ಲಿಯವರೆಗೆ ಬಂಡಿ ಕ್ವಾರಿ ಸ್ಟಾಪಿನಲ್ಲಿ ನಿಂತಿರುತ್ತದೆ. ಯಾರು ಕೂಗಾಡಿದರೂ ಹಗ್ಗ ಎಳೆಯುವುದಿಲ್ಲ. ಬಂದು ಕೇಳಬೇಕು ಎಂದಿದ್ದವರು ಮಾತ್ರ ಮುಂದಿನ ಸೀಟಿನಲ್ಲಿ ಇರುವುದಿಲ್ಲ.