ವಿಭೂತಿ ಬಿದ್ದ ಸಿರಿಂಜು

ನನ್ನ ಮಗಳು ದಿನವೂ ಹಿಡಿಯುವ ಸಿರಿಂಜು ದವಾಖಾನೆಯ ಸೂಜಿಮದ್ದಿನದಲ್ಲ. ಪೆನ್ಸಿಲ್ಲಿನಂಥ ಗಾಜಿನ ನಳಿಗೆ, ಅದರೊಳಗೆ ಹೊಲಿಗೆ ಸೂಜಿಯಷ್ಟು ತೆಳ್ಳಗಿನ ಉಕ್ಕಿನ ಕಡ್ಡಿ. ಮೂಗಿಗೆ ಬಿಡುವ ಔಷಧಿಯ ಒಂದು ಹನಿಯನ್ನು ಐವತ್ತು ಪಾಲು ಮಾಡಿದರೆ ಒಂದು ಪಾಲು ಎಷ್ಟಾಗುತ್ತದೋ ಅಷ್ಟನ್ನು ಅದರಲ್ಲಿ ಎಳೆದು ಯಂತ್ರದ ಬಾಯಿಗೆ ಕೊಡುತ್ತಾಳೆ. ಮೊದಲ ಸಲ ಕೇಳಿದಾಗ ನಾನು ನಂಬಲಿಲ್ಲ. ಅಷ್ಟು ನೀರು ಕಣ್ಣಿಗೆ ಕಂಡರಲ್ಲವೇ ಅಳೆಯುವುದು!

ಅವಳ ಲ್ಯಾಬು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗಿದೆ. ಅದಿರಿನ ಲಾರಿ ಹೋದಾಗಲೆಲ್ಲ ಕೆಂಪು ಧೂಳು ಏಳುತ್ತದೆ, ಆದ್ದರಿಂದ ಎರಡೆರಡು ಬಾಗಿಲು ಹಾಕಿದ್ದಾರೆ, ಚಪ್ಪಲಿ ಹೊರಗೇ ಬಿಡಬೇಕು. ಕಂಪ್ಲಿಯ ಮಿಲ್ಲುಗಳಿಂದ ಅಲ್ಲಿಗೆ ಅಕ್ಕಿ ಬರುತ್ತದೆ. ಅಕ್ಕಿಯನ್ನು ಅರೆದು ಸಾರ ತೆಗೆದು, ಹುಳಕ್ಕೆಂದು ಹೊಲದಲ್ಲಿ ಹೊಡೆದ ಎಣ್ಣೆಯ ವಿಷ ಅದರಲ್ಲಿ ಉಳಿದಿದೆಯೋ ಇಲ್ಲವೋ ನೋಡುವುದು ನನ್ನ ಮಗಳ ಕೆಲಸ. ಕೆಲಸ ಅವಳದು, ಆದರೆ ವರದಿಯ ಕೆಳಗಿನ ಸಹಿ ಲ್ಯಾಬಿನ ಸಾಹೇಬರದು. ಅವಳೇ ಸಹಿ ಹಾಕಬೇಕೆಂದರೆ ಹೊರಗಿನಿಂದ ಒಬ್ಬ ಅಧಿಕಾರಿ ಬಂದು ಪಕ್ಕದಲ್ಲಿ ನಿಂತು ಅವಳ ಕೈಕೆಲಸ ನೋಡಬೇಕು. ಒಂದೇ ದ್ರವವನ್ನು ಮತ್ತೆ ಮತ್ತೆ ಕೊಟ್ಟರೂ ಯಂತ್ರ ಅದೇ ಅಂಕಿ ತೋರಿಸಬೇಕು. ದಸರಾ ಮುಗಿದ ಮರುದಿನವೇ ಬರುತ್ತೇವೆಂದು ಅವರು ತಿಳಿಸಿದ್ದರು. ಮಗಳು ಆ ದಿನಕ್ಕಾಗಿ ಎಷ್ಟು ಕಾದಿದ್ದಳೆಂದು ನನಗೆ ಗೊತ್ತು.

ಆಯುಧ ಪೂಜೆಗೆ ಸಾಹೇಬರು ನಮ್ಮನ್ನೂ ಕರೆದರು. ನನ್ನ ಯಜಮಾನರದು ಕಿರಾಣಿ ಅಂಗಡಿ. ಆಯುಧ ಪೂಜೆ ಎಂದರೆ ಅವರಿಗೆ ಮೈಮೇಲೆ ಬಂದಂತೆ. ತಕ್ಕಡಿ, ಕಲ್ಲು, ಬೆಲ್ಲ ಒಡೆಯುವ ಸುತ್ತಿಗೆ ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿ, ತೊಳೆದು, ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಅನ್ನ ಕೊಡುವ ವಸ್ತು ಒಂದೂ ಬರಿ ಹಣೆಯಲ್ಲಿ ಇರಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಲ್ಯಾಬಿನಲ್ಲೂ ವಿಭೂತಿ ತಟ್ಟೆ ಅವರೇ ಹಿಡಿದರು.

ಮಗಳು ಬೂದುಗುಂಬಳಕಾಯಿ ಒಡೆಯುವ ಏರ್ಪಾಡಿಗೆ ಬಾಗಿಲ ಬಳಿ ಹೋಗಿದ್ದಳು. ಇವರು ಯಂತ್ರಕ್ಕೆ ಹಚ್ಚಿದರು, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಗೆ ಹಚ್ಚಿದರು. ಆಮೇಲೆ ಸಿರಿಂಜಿನ ಡಬ್ಬಿ ಕಣ್ಣಿಗೆ ಬಿತ್ತು. ಗಾಜಿಗೆ ಮೂರು ಗೆರೆ ಎಳೆದು ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ.

“ಕೆಲಸ ಮಾಡೋದು ಒಳಗಿನ ಕಡ್ಡಿ, ಗಾಜಲ್ಲ” ಎಂದು ನನಗೆ ಹೇಳಿ, ಕಡ್ಡಿಯನ್ನು ಪೂರ್ತಿ ಹೊರಗೆ ಎಳೆದು, ತುದಿಯಿಂದ ಬುಡದವರೆಗೂ ವಿಭೂತಿ ಸವರಿ, ಕಣ್ಣಿಗೆ ಒತ್ತಿಕೊಂಡು, ತಿರುಗಿ ಒಳಗೆ ದಬ್ಬಿದರು. ಹೂವು ಇಡುತ್ತಿದ್ದ ನನಗೂ ಅದು ಸರಿಯಾಗಿಯೇ ಕಂಡಿತು.

ಮಗಳು ಒಳಗೆ ಬಂದವಳು ಡಬ್ಬಿ ನೋಡಿದಳು. ಸಿರಿಂಜು ಎತ್ತಿ ಕಡ್ಡಿ ಎಳೆದಳು, ಅರ್ಧಕ್ಕೇ ಸಿಕ್ಕಿಕೊಂಡಿತು.

“ಅಪ್ಪಾ, ಇದನ್ನ ಬಿಚ್ಚಿದಿಯೇನು?”

“ಹೂನವ್ವ, ಪೂಜಿ ಮಾಡೀನಿ.”

“ಪೂಜಿ ಮ್ಯಾಲ ಮಾಡಬೇಕಪ್ಪಾ. ಹೊಟ್ಟಿಯೊಳಗ ಹೊಕ್ಕು ಮಾಡ್ತಾರೇನು?”

“ನಿಮ್ಮಜ್ಜ ತಕ್ಕಡಿ ಮುಳ್ಳಿಗೂ ಹಚ್ಚತಿದ್ದ. ಏನಾಗೇತಿ?”

“ತಕ್ಕಡಿಗೆ ಒಂದ್ ಚಿಟಿಕಿ ಬೂದಿ ಹತ್ತಿದ್ರ ಅಕ್ಕಿ ತೂಕ ಕೆಡಂಗಿಲ್ಲ. ಇದರಾಗ ನಾ ಅಳಿಯೋದs ಆ ಬೂದಿಗಿಂತ ಕಡಿಮಿ!”

ಆ ಕಡ್ಡಿ, ಆ ಗಾಜು ಒಂದಕ್ಕೊಂದು ಅಳತೆ ಹಿಡಿದು ಮಾಡಿದ ಜೋಡಿಯಂತೆ. ಒಂದರ ಕಡ್ಡಿ ಇನ್ನೊಂದಕ್ಕೆ ಕೂಡುವುದಿಲ್ಲ. ಬೆರಳಿನ ಬೆವರು ಕೂಡ ಅದಕ್ಕೆ ಆಗದು. ಅಂಥದ್ದೇ ಇನ್ನೊಂದು ಸಿರಿಂಜು ತರಿಸಲು ಹೇಳಿದ್ದರು, ಇನ್ನೂ ಬಂದಿರಲಿಲ್ಲ. ಡ್ರಾಯರಿನಲ್ಲಿ ಇದ್ದದ್ದು ಒಂದು ದೊಡ್ಡದು. ಅದರ ಗೆರೆಗಳು ಅಷ್ಟು ಸಣ್ಣ ಅಳತೆಗೆ ಸರಿಹೊಂದುವಂಥವಲ್ಲ.

ಅವಳು ಅಲ್ಲೇ ಕುಳಿತು ತೊಳೆದಳು. ಘಾಟು ವಾಸನೆಯ ದ್ರವ ಎಳೆಯುವುದು, ಚೆಲ್ಲುವುದು, ಕಡ್ಡಿಯನ್ನು ತೆಳ್ಳನೆಯ ಕಾಗದದಲ್ಲಿ ಒರೆಸುವುದು. ಪ್ರಸಾದದ ತಟ್ಟೆ ಹಿಡಿದು ನಾವಿಬ್ಬರೂ ಮೂಲೆಯಲ್ಲಿ ಕುಳಿತೆವು. ಕಡೆಗೆ ಕಡ್ಡಿ ಸಲೀಸಾಗಿ ಆಡತೊಡಗಿತು. ಪರೀಕ್ಷೆಗೆಂದು, ಎಷ್ಟು ವಿಷವಿದೆಯೆಂದು ಮೊದಲೇ ಗೊತ್ತಿರುವ ದ್ರವವನ್ನೇ ಯಂತ್ರಕ್ಕೆ ಕೊಟ್ಟು ನೋಡಿದಳು. ಅಂಕಿ ಸರಿಯಾಗಿ ಬಂತು, ಮತ್ತೂ ಸರಿಯಾಗಿ ಬಂತು. ಆಮೇಲೆ ಒಂದು ಸಲ ಕಡಿಮೆ ಬಂತು. ನಂತರ ಮತ್ತೆ ಸರಿ.

ಸಾಹೇಬರು ಸಮಾಧಾನದ ಮನುಷ್ಯ. “ಬಿಡವ್ವ, ಒಂದು ತಪ್ಪಿದ್ರ ಏನಾತು? ಇನ್ನೊಮ್ಮೆ ತೊಳೆದು ಇದರಾಗs ಮಾಡು. ಬರೋರಿಗೆ ಏನೂ ಗೊತ್ತಾಗಂಗಿಲ್ಲ” ಎಂದರು.

“ಅವ್ರಿಗೆ ಗೊತ್ತಾಗಂಗಿಲ್ರಿ ಸರ್, ನನಗ ಗೊತ್ತಾಗೇತಲ್ರಿ. ಯಾವಾಗ ಕೈ ಕೊಡ್ತದೋ ಏನೋ. ವಿಷ ಇರೋ ಅಕ್ಕಿಗೆ ಇಲ್ಲ ಅಂತ ಅಂದುಬಿಟ್ರ?” ಎಂದಳು ಮಗಳು. ಸಿರಿಂಜನ್ನು ಡಬ್ಬಿಗೆ ಹಾಕಿ, ಬಳಸಬಾರದು ಎಂದು ಮೇಲೆ ಚೀಟಿ ಅಂಟಿಸಿದಳು. ಸಹಿ ಕೈಗೆ ಬರುವ ಹೊತ್ತಿನಲ್ಲಿ ತನ್ನ ಕೈಯಾರೆ ಆ ಚೀಟಿ ಅಂಟಿಸಿದಳಲ್ಲ! ಹಿಡಿದು ಕುಳಿತಿದ್ದ ಪ್ರಸಾದದ ತಟ್ಟೆಯನ್ನು ಅವಳ ಕೈಗೆ ಕೊಟ್ಟೆ.

ಮನೆಗೆ ಬಂದ ಮೇಲೆ ಇವರು ಹೋಳಿಗೆ ಮುಟ್ಟಲಿಲ್ಲ. “ದೇವರ ಬೂದಿಗೆ ಕೆಡೋ ಸಾಮಾನು ಎಂಥಾ ಸಾಮಾನಲೇ!” ಎಂದು ಗೋಡೆಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಹುಡಿಗಿ ಸಹಿ ನನ್ನಿಂದ ತಪ್ಪತೇತೇನs?” ಎಂದು ಕೇಳಿದರು.

ನಾನು ಪಂಪಾಪತಿ ದೇವರ ದಯೆ ಎಣಿಸಿ ಹೇಳಿದೆ. ಗಾಜು ಒಡೆಯಲಿಲ್ಲ, ಅದು ಒಂದು. ಅಧಿಕಾರಿಯ ಎದುರಿಗೆ ಕೆಡುವುದು ಮೊದಲೇ ಕೆಟ್ಟಿತು, ಅದು ದೊಡ್ಡದು. ದೊಡ್ಡ ಸಿರಿಂಜಾದರೂ ಒಂದು ಇದೆ. “ಪಂಪಾಪತಿ ನೋಡ್ಕೋತಾನ, ಉಣ್ರಿ” ಎಂದೆ. ಅರ್ಧ ಹೋಳಿಗೆ ತಿಂದರು.

ಮರುದಿನ ವಿಜಯದಶಮಿ. ಬನ್ನಿ ಎಲೆ ಕೊಡಲು ಓಣಿಯವರು ಬಂದು ಹೋಗುತ್ತಿದ್ದರು. ಮಗಳು “ಬಂಗಾರದಂಗ ಇರೋಣ” ಎಂದು ಬಾಯಲ್ಲಿ ಹೇಳುತ್ತಿದ್ದಳೇ ಹೊರತು ಮನಸ್ಸು ಬೇರೆಲ್ಲೋ ಇತ್ತು. ಮಧ್ಯಾಹ್ನ ಒಮ್ಮೆಗೇ ಅಡುಗೆಮನೆಗೆ ಬಂದಳು.

“ಅಮ್ಮಾ, ದಾರಿ ಸಿಕ್ತು. ಸಣ್ಣ ಲೋಟ ಇಲ್ಲ ಅಂತ ನೀ ಅನ್ನ ಮಾಡೋದು ಬಿಡ್ತಿಯೇನು? ದೊಡ್ಡ ಲೋಟದಾಗ ಅಕ್ಕಿ ಅಳದ್ರ ನೀರೂ ಅದರಾಗs ಅಳೀತಿ. ನಾನೂ ಹಂಗs ಮಾಡ್ತೀನಿ. ದೊಡ್ಡ ಸಿರಿಂಜಿನಾಗ ಎರಡರಷ್ಟು ತಗೋತೀನಿ, ಗೊತ್ತಿರೋ ದ್ರವನೂ ಅಷ್ಟs, ಅಕ್ಕಿ ಸಾರನೂ ಅಷ್ಟs. ಆ ಗೆರಿ ಕಣ್ಣಿಗೆ ಸರಿಯಾಗಿ ಕಾಣ್ತೇತಿ. ಯಂತ್ರ ಅದನ್ನ ತಡೀತೇತೋ ಇಲ್ಲೋ ನಾಳೆ ಮುಂಜಾನೆ ಜಲ್ದಿ ಹೋಗಿ ನೋಡ್ತೀನಿ.”

ಯಂತ್ರದ ವಿಚಾರ ನನಗೇನು ತಿಳಿದೀತು? ಅನ್ನದ ವಿಚಾರ ತಿಳಿಯಿತು. “ಆ ಬರೋರು ಒಪ್ಪತಾರೇನವ್ವ?” ಎಂದೆ.

“ಕೇಳಬೇಕು. ಮುಚ್ಚಿಟ್ಟು ಮಾಡಂಗಿಲ್ಲ” ಎಂದಳು.

ಪರೀಕ್ಷೆಯ ದಿನ ಬೆಳಕು ಹರಿಯುವಷ್ಟರಲ್ಲೇ ಹೋದಳು. ನಾನು ಬುತ್ತಿ ಕಟ್ಟಿಕೊಂಡು ಆಮೇಲೆ ಹೋದೆ. ಊಟ ಮಾಡಿಸುವುದು ನೆಪ ಎಂದು ಅವಳಿಗೂ ಗೊತ್ತಿತ್ತು. ಅಧಿಕಾರಿ ಗಂಡಸು ಎಂದುಕೊಂಡಿದ್ದೆ. ಬಂದವರು ಹೆಣ್ಣುಮಗಳು, ತಲೆ ಅರ್ಧ ನೆರೆತವರು, ನಗು ಕಡಿಮೆ. ಹೊರಗಿನ ಕೋಣೆಯಲ್ಲೇ ಮಗಳು ಅವರಿಗೆ ನಡೆದದ್ದೆಲ್ಲ ಹೇಳಿದಳು, ಮುಂಜಾನೆ ದೊಡ್ಡ ಸಿರಿಂಜಿನಲ್ಲಿ ಎರಡರಷ್ಟು ಕೊಟ್ಟಾಗ ಯಂತ್ರ ತಡೆದುಕೊಂಡದ್ದನ್ನೂ ಹೇಳಿದಳು.

“ಪೂಜೆಯಿಂದ ಸಿರಿಂಜ್ ಹಾಳಾಯ್ತಾ? ಯಾರು ಮಾಡಿದ್ದು?”

“ನಮ್ಮಪ್ಪಾರಿ.”

ಅವರು ಬೆಂಚಿನ ಮೇಲಿದ್ದ ನನ್ನ ಕಡೆ ನೋಡಿದರು. ನಾನು ಎದ್ದು ನಿಂತು, “ಅವ್ರು ಇವತ್ತು ಬಂದಿಲ್ರಿ ಮೇಡಂ, ಹೆದರಬ್ಯಾಡ್ರಿ” ಎಂದೆ. ಆಗ ನಕ್ಕರು. ಮರುಗಳಿಗೆಗೇ ಮುಖ ಮೊದಲಿನಂತಾಯಿತು. “ದೊಡ್ಡದರಲ್ಲೇ ಮಾಡಿ, ಅಡ್ಡಿಯಿಲ್ಲ. ಆದರೆ ಅಂಕಿ ಹೊಂದದಿದ್ದರೆ ಹೊಂದಲಿಲ್ಲ ಅಂತಲೇ ಬರೀತೀನಿ. ಸಹಿ ಮುಂದಿನ ಸಲಕ್ಕೆ.”

“ಆಗ್ಲಿರಿ ಮೇಡಂ” ಎಂದಳು ಮಗಳು.

ಗಾಜಿನ ಬಾಗಿಲ ಈಚೆ ಕುಳಿತು ನೋಡಿದೆ. ಅವಳು ದ್ರವ ಎಳೆದಳು, ಗುಳ್ಳೆ ಹೋಗಲೆಂದು ಹೊರಗೆ ದಬ್ಬಿದಳು, ಮತ್ತೆ ಎಳೆದಳು. ಸೂಜಿಯ ತುದಿ ಒರೆಸಿದಳು. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಾಗ ಅವಳ ಮೈಯಲ್ಲಿ ಉಸಿರಾಟವೂ ಕಾಣಲಿಲ್ಲ. ನಾನು ದೇವರ ಮುಂದೆ ಕಣ್ಣು ಮುಚ್ಚಿದರೆ ಮನಸ್ಸು ಒಲೆಯ ಮೇಲಿನ ಹಾಲಿಗೆ ಓಡುತ್ತದೆ. ಇವಳ ಮನಸ್ಸು ಆ ಗೆರೆ ಬಿಟ್ಟು ಒಂದು ಕೂದಲಿನಷ್ಟೂ ಅಲುಗಲಿಲ್ಲ. ಒಂದೇ ಬೀಸಿಗೆ ಸೂಜಿ ಇಳಿಸಿ, ಒತ್ತಿ, ಹೊರಗೆ ತೆಗೆದಳು. ಯಂತ್ರ ನಿಧಾನಕ್ಕೆ ಅಂಕಿ ತೋರಿಸಿತು. ಮತ್ತೆ ಕೊಟ್ಟಳು. ಮತ್ತೆ. ನಾನು ಓಂ ನಮಃ ಶಿವಾಯ ಎನ್ನುತ್ತ ಕುಳಿತೆ. ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು.

ಬುತ್ತಿಯ ರೊಟ್ಟಿ ಆರಿ ಗಟ್ಟಿಯಾದ ಮೇಲೆ ಬಾಗಿಲು ತೆರೆಯಿತು. ಮಗಳು ಕೈಗವಸು ತೆಗೆಯುತ್ತ ಬಂದು ನನ್ನ ಪಕ್ಕದಲ್ಲಿ ಕುಳಿತಳು.

“ಹೊಂದಿದ್ವಮ್ಮಾ, ಎಲ್ಲಾವೂ. ಮೇಡಂ ಒಪ್ಪಿ ಬರದಾರ. ಇನ್ನ ಮ್ಯಾಲ ಸಹಿ ನಂದು.”

ರೊಟ್ಟಿಗೆ ಕೈ ಚಾಚಿದಳು, ಕೈಗೆ ಇನ್ನೂ ಆ ಘಾಟು ವಾಸನೆ. ನಾನೇ ಮುರಿದು ಶೇಂಗಾ ಚಟ್ನಿ ಹಚ್ಚಿ ಬಾಯಿಗೆ ಇಟ್ಟೆ. ಇಷ್ಟು ದೊಡ್ಡವಳು, ಸಾಹೇಬರ ಎದುರಿಗೇ, ಬೇಡ ಎನ್ನಲಿಲ್ಲ.

ಬರುವಾಗ ನೇರ ಅಂಗಡಿಗೆ ಹೋದೆ. ಇವರು ಗಿರಾಕಿಗೆ ಸಕ್ಕರೆ ತೂಗುತ್ತಿದ್ದರು. ನನ್ನ ಮುಖ ನೋಡಿಯೇ ತೂಗುವುದು ನಿಲ್ಲಿಸಿದರು. ಹೇಳಿದೆ. ಕೈಯಲ್ಲಿದ್ದ ಸಕ್ಕರೆ ಪೊಟ್ಟಣ ಕೆಳಗಿಟ್ಟರು. ಆಮೇಲೆ ಆ ಗಿರಾಕಿಯನ್ನೇ ಹಿಡಿದುಕೊಂಡು ಶುರು ಮಾಡಿದರು.

“ಕಂಪ್ಲಿ ಅಕ್ಕಿ ಉಣ್ತೀರಲ್ರಿ? ಚಲೋ ಐತಿ ಅಂತ ಇನ್ನ ಮ್ಯಾಲ ಸಹಿ ಹಾಕಾಕಿ ನನ್ನ ಮಗಳು. ಕೆಟ್ಟದ್ದಿದ್ರ ಯಾರಪ್ಪ ಹೇಳಿದ್ರೂ ಹಾಕಂಗಿಲ್ಲ. ನಾನs ಅಕೀ ಅಪ್ಪ, ನನ್ನ ಪೂಜಿನs ಒಪ್ಪಲಿಲ್ಲ ಅಕಿ!”

ಗಿರಾಕಿ ಸಕ್ಕರೆಗೆ ಕಾಯುತ್ತ ನಿಂತೇ ಇದ್ದ. ಹಿಂದೆ ಇನ್ನಿಬ್ಬರು ಬಂದು ನಿಂತರು, ಇವರು ಮತ್ತೆ ಮೊದಲಿನಿಂದ ಹೇಳಿದರು. ಸಾಕು ಸುಮ್ಮನಿರಿ ಎನ್ನಬೇಕೆಂದು ಬಾಯಿ ತೆರೆದೆ. ಆದರೆ ಮಗಳ ಹೊಗಳಿಕೆ ಕೇಳುವುದು ನನಗೂ ಸಾಕಾಗಿರಲಿಲ್ಲ. ಸ್ಟೂಲು ಎಳೆದುಕೊಂಡು ಕುಳಿತೆ.